ಮೊಸರಿನಲ್ಲಿ ಕಲ್ಲು ಹುಡುಕುವವರಿಗೆ

2023ರ ಮಾರ್ಚ್ ತಿಂಗಳಲ್ಲಿ ಮೊಸರಿನ ಹೆಸರಿಗಾಗಿ ನಡೆದ ಜಗಳ ವಾಚಕರಿಗೆ ನೆನಪಿರಬಹುದು. ನಮ್ಮ ಈ ದಿಲ್ಲಿಯ ಕೋಟ್ಲಾ ರಸ್ತೆಯಲ್ಲಿರುವ ಎಫ್.ಡಿ.ಎ. ಭವನದಿಂದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ ಸೂಚನೆ ಹೊರಟಿತು: ಪೊಟ್ಟಣದ ಮೇಲೆ ‘ದಹಿ’ ಎಂದು ಬರೆಯಿರಿ, ‘ಮೊಸರು’ ಎಂಬುದು ಕಂಸದೊಳಗೆ ಇರಲಿ. ಕರ್ನಾಟಕವೂ ತಮಿಳುನಾಡೂ ಒಂದೇ ದನಿಯಲ್ಲಿ ಪ್ರತಿಭಟಿಸಿದವು. ಅದೇ ತಿಂಗಳ 30ರಂದು ಪ್ರಾಧಿಕಾರ ತನ್ನ ಮಾತನ್ನು ತಿದ್ದಿಕೊಂಡು, ‘ಕರ್ಡ್’ ಎಂಬುದರ ಜೊತೆಗೆ ಆಯಾ ಸೀಮೆಯ ಹೆಸರನ್ನು ಹಾಕಿಕೊಳ್ಳಬಹುದೆಂದಿತು. ಮೊಸರು ಮೊಸರಾಗಿಯೇ ಉಳಿಯಿತು. ನಾವೂ ಹಿಗ್ಗಿದೆವು.

ಹಿಗ್ಗಿದ್ದು ಸರಿಯೇ. ಆದರೆ ಒಂದು ಪ್ರಶ್ನೆ ಅಂದಿನಿಂದಲೂ ನಮ್ಮನ್ನು ಕಾಡುತ್ತಿದೆ. ಪೊಟ್ಟಣದ ಮುಂಬದಿಯಲ್ಲಿರುವ ಹೆಸರಿಗಾಗಿ ಇಷ್ಟು ಹೋರಾಡಿದ ನಾವು, ಅದೇ ಪೊಟ್ಟಣವನ್ನು ಹಿಂದಕ್ಕೆ ತಿರುಗಿಸಿ ಅಲ್ಲಿ ಏನು ಬರೆದಿದೆಯೆಂದು ಓದಿದ್ದೇವೆಯೇ? ಹೆಸರನ್ನು ಉಳಿಸಿಕೊಂಡ ನಾವು ಮೊಸರನ್ನು ಉಳಿಸಿಕೊಳ್ಳುತ್ತಿದ್ದೇವೆಯೇ? ಸಕ್ಕರೆ ಕಾಯಿಲೆಯವರ ಮನೆಗಳಲ್ಲಿ ಇಂದು ಮೊಸರಿಗೆ ಆಗುತ್ತಿರುವ ಅನ್ಯಾಯವನ್ನು ನೋಡಿದರೆ, ಇಲ್ಲ ಎಂದೇ ಹೇಳಬೇಕಾಗಿದೆ.

ದಿಲ್ಲಿಯ ಕನ್ನಡಿಗರಲ್ಲಿ ಈ ವಿಷಯದಲ್ಲಿ ಎರಡು ಪಕ್ಷಗಳಿವೆ. ‘ಮೊಸರನ್ನವಿಲ್ಲದೆ ಊಟ ಮುಗಿಯುವುದಾದರೂ ಹೇಗೆ? ಕಾಯಿಲೆ ಬಂದರೆ ಬರಲಿ, ಮಾತ್ರೆ ಇದೆ’ ಎನ್ನುವುದು ಒಂದು ಪಕ್ಷ. ‘ಸಕ್ಕರೆ ಇದೆಯೆಂದು ಡಾಕ್ಟರು ಹೇಳಿದರು, ಅಂದಿನಿಂದ ಮೊಸರನ್ನೇ ಬಿಟ್ಟೆ’ ಎನ್ನುವುದು ಇನ್ನೊಂದು. ಮೊದಲನೆಯವರು ಭಂಡರು, ಎರಡನೆಯವರು ತ್ಯಾಗಿಗಳು ಎಂದು ಜನ ತಿಳಿಯುತ್ತಾರೆ. ನಮ್ಮ ದೃಷ್ಟಿಯಲ್ಲಿ ಇಬ್ಬರದೂ ಒಂದೇ ತಪ್ಪು. ‘ಮೊಸರನ್ನ’ ಎಂಬ ಸಮಾಸಪದವನ್ನು ಬಿಡಿಸಿ ನೋಡುವ ತೊಂದರೆಯನ್ನು ಇಬ್ಬರೂ ತೆಗೆದುಕೊಂಡಿಲ್ಲ. ಮೊಸರು ಬೇರೆ, ಅನ್ನ ಬೇರೆ. ಒಂದೇ ತಟ್ಟೆಯಲ್ಲಿ ಕಲೆತ ಮಾತ್ರಕ್ಕೆ ಒಬ್ಬರ ಅಪರಾಧ ಇನ್ನೊಬ್ಬರದಾಗುವುದಿಲ್ಲ.

ಅಪರಾಧ ಸಣ್ಣದೇನೂ ಅಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶಾದ್ಯಂತ ನಡೆದ ಸಮೀಕ್ಷೆಯ ಲೆಕ್ಕ 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ನಮ್ಮ ದೇಶದಲ್ಲಿ ಮಧುಮೇಹ ಇರುವವರು ಸುಮಾರು 10.1 ಕೋಟಿ, ಅದರ ಹೊಸ್ತಿಲಲ್ಲಿ ನಿಂತಿರುವವರು ಸುಮಾರು 13.6 ಕೋಟಿ. ಅದೇ ಸಮೀಕ್ಷೆಯ ಆಹಾರದ ಭಾಗ 2025ರಲ್ಲಿ ಹೊರಬಂದಾಗ ಇನ್ನೊಂದು ಸಂಗತಿ ಗೊತ್ತಾಯಿತು. ನಾವು ಭಾರತೀಯರು ತಿನ್ನುವ ಊಟದ ಶಕ್ತಿಯಲ್ಲಿ ಶೇಕಡಾ 62ರಷ್ಟು ಬರುವುದು ಪಿಷ್ಟ ಮತ್ತು ಸಕ್ಕರೆಯಿಂದ, ಅಂದರೆ ಕಾರ್ಬೋಹೈಡ್ರೇಟಿನಿಂದ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2024ರಲ್ಲಿ ಕೊಟ್ಟ ಮಾರ್ಗಸೂಚಿಯೋ, ಅಕ್ಕಿ, ಗೋಧಿ, ಸಿರಿಧಾನ್ಯ ಎಲ್ಲ ಸೇರಿ ಊಟದ ಶಕ್ತಿಯ ಶೇಕಡಾ 45ನ್ನು ಮೀರಬಾರದೆನ್ನುತ್ತದೆ. ಅನ್ನವನ್ನು ಇಳಿಸಬೇಕೆಂಬುದರಲ್ಲಿ ಈಗ ವಾದವೇ ಉಳಿದಿಲ್ಲ. ಯುವಕರು ‘ಲೋ-ಕಾರ್ಬ್’ ಎಂದು ಹೊಸ ಹೆಸರಿನಿಂದ ಕರೆಯುವ ಪಥ್ಯದ ತಿರುಳೂ ಇಷ್ಟೇ.

ವಾದವಿರುವುದು ಮೊಸರಿನ ಬಗ್ಗೆ. ಲೆಕ್ಕ ಹಾಕಿಯೇ ನೋಡೋಣ. ನಾವು ವೈದ್ಯರಲ್ಲ, ಎಂದೋ ವಿಜ್ಞಾನದ ಪದವಿ ಪಡೆದು, ಫೈಲುಗಳ ನಡುವೆ ಅದನ್ನು ಪೂರ್ತಿ ಮರೆಯದೆ ಉಳಿಸಿಕೊಂಡಿರುವ ಗುಮಾಸ್ತರು. ಈ ಲೆಕ್ಕಕ್ಕೆ ಅಷ್ಟು ಸಾಕು. ನೂರು ಗ್ರಾಂ ಬೇಯಿಸಿದ ಅನ್ನದಲ್ಲಿ ಸುಮಾರು 28 ಗ್ರಾಂ ಕಾರ್ಬೋಹೈಡ್ರೇಟ್ ಇರುತ್ತದೆ. ನೂರು ಗ್ರಾಂ ಸಾದಾ ಮೊಸರಿನಲ್ಲಿರುವುದು 4ರಿಂದ 5 ಗ್ರಾಂ. ನಮ್ಮವರು ಊಟದ ಕೊನೆಗೆ ಕಲೆಸಿಕೊಳ್ಳುವ ಮೊಸರನ್ನದಲ್ಲಿ ಅನ್ನ ಕಾಲು ಕಿಲೋ, ಮೊಸರು ನೂರು ಗ್ರಾಂ ಎಂದಿಟ್ಟುಕೊಂಡರೆ, ಅನ್ನದಿಂದ ಬಂದದ್ದು 70 ಗ್ರಾಂ, ಮೊಸರಿನಿಂದ ಬಂದದ್ದು ಹೆಚ್ಚೆಂದರೆ 5. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರೆಂಬ ಗಾದೆ ಇದಕ್ಕಿಂತ ಚೆನ್ನಾಗಿ ಎಲ್ಲಿ ಒಪ್ಪೀತು? ಇಲ್ಲಿ ಬರೆ ತಿಂದದ್ದು ನಿಜವಾಗಿಯೂ ಎಮ್ಮೆಯ ಮೊಸರೇ!

ಆ ನಾಲ್ಕೈದು ಗ್ರಾಮಿನ ಸಂಗತಿಯನ್ನೂ ಹೇಳಿಬಿಡುತ್ತೇವೆ. ಹಾಲಿನಲ್ಲಿ ಲ್ಯಾಕ್ಟೋಸ್ ಎಂಬ ಸಕ್ಕರೆ ಇದೆ. ಹೆಪ್ಪಿನಲ್ಲಿರುವ ಸೂಕ್ಷ್ಮಜೀವಿಗಳು ಅದರಲ್ಲಿ ಒಂದು ಪಾಲನ್ನು ತಿಂದು ಲ್ಯಾಕ್ಟಿಕ್ ಆಮ್ಲವನ್ನಾಗಿ ಮಾಡುತ್ತವೆ. ಮೊಸರಿನ ಹುಳಿ ಅದೇ. ಹಾಲು ಗಟ್ಟಿಯಾಗುವುದೂ ಅದರಿಂದಲೇ. ಸ್ಟಾಮೆನ್ ಗ್ರಿಗೊರೊವ್ ಎಂಬ ಬಲ್ಗೇರಿಯದ ವೈದ್ಯ 1905ರಲ್ಲಿ ಮೊಸರಿನೊಳಗಿನ ಇಂಥ ಒಂದು ಜೀವಿಯನ್ನು ಗುರುತಿಸಿದ. ಹಾಲಿಗೆ ಹೆಪ್ಪು ಹಾಕಲು ನಮ್ಮ ಅಜ್ಜಿಯರು ಆತನನ್ನು ಕಾಯಲಿಲ್ಲ, ಅದು ಬೇರೆ ಮಾತು. ಮೊಸರು ಹುಳಿಯಾದಷ್ಟೂ ಸಕ್ಕರೆ ಕಡಿಮೆಯಾಗುತ್ತದೆಂಬುದು ನಿಜ. ಆದರೆ ಪೂರ್ತಿ ಮಾಯವಾಗುತ್ತದೆಂದು ಹೇಳುವವರನ್ನು ನಂಬಬೇಡಿ. ಹುಳಿ ಹೆಚ್ಚಿದಂತೆ ಆ ಜೀವಿಗಳೇ ಕೆಲಸ ನಿಲ್ಲಿಸುತ್ತವೆ. ಉಳಿಯುವಷ್ಟು ಉಳಿದೇ ಇರುತ್ತದೆ. ಆದರೂ ಒಂದು ಬಟ್ಟಲಿಗೆ ಅದು ಬಹಳ ಸಣ್ಣ ಮೊತ್ತ.

ಹೀಗಿರುವಾಗ ಮೊಸರಿನಲ್ಲಿ ಕಲ್ಲು ಹುಡುಕುವ ಕೆಲಸ ಎಲ್ಲಿಂದ ಶುರುವಾಯಿತು? ನಮ್ಮ ಕೈಗೆ ಬಂದ ಒಂದು ಪಥ್ಯದ ಚೀಟಿಯನ್ನು ನೋಡಿದರೆ ಸ್ವಲ್ಪ ಅರ್ಥವಾಗುತ್ತದೆ. ಎಲ್ಲಿಯ ಚೀಟಿಯೆಂದು ಹೇಳುವುದು ಬೇಡ. ನಕಲಿನ ನಕಲು ತೆಗೆದು ಅಕ್ಷರಗಳೇ ಮಸುಕಾಗಿದ್ದ ಒಂದು ಹಾಳೆ. ಅದರಲ್ಲಿ ‘ವರ್ಜ್ಯ’ ಎಂಬ ಕಡೆ ದಹಿ ಇತ್ತು. ‘ಸಂಜೆ ನಾಲ್ಕಕ್ಕೆ’ ಎಂಬ ಕಡೆ ಚಹಾದೊಂದಿಗೆ ಎರಡು ಮಾರಿ ಬಿಸ್ಕತ್ತು ಇತ್ತು. ಎರಡು ಮಾರಿ ಬಿಸ್ಕತ್ತೆಂದರೆ ಎಂಟೊಂಬತ್ತು ಗ್ರಾಂ ಕಾರ್ಬೋಹೈಡ್ರೇಟ್. ಹೆಚ್ಚುಕಡಿಮೆ ಅಷ್ಟೇ ಇನ್ನೂರು ಗ್ರಾಂ ಮೊಸರಿನಲ್ಲಿಯೂ ಇದೆ. ಆದರೆ ಮೊಸರು ಅದರ ಜೊತೆಗೆ ಆರೇಳು ಗ್ರಾಂ ಪ್ರೋಟೀನು ಕೊಡುತ್ತದೆ, ಸುಣ್ಣದ ಅಂಶ ಕೊಡುತ್ತದೆ, ಹೊಟ್ಟೆ ತುಂಬಿಸುತ್ತದೆ. ಬಿಸ್ಕತ್ತು ಕೊಡುವುದು ಮೈದಾ, ಸಕ್ಕರೆ ಮತ್ತು ಮೂರನೆಯ ಬಿಸ್ಕತ್ತಿನ ಆಸೆ. ಬಿಸ್ಕತ್ತಿಗೆ ಪರವಾನಗಿ, ಮೊಸರಿಗೆ ಬಹಿಷ್ಕಾರ. ಇದು ಯಾವ ಊರಿನ ವೈದ್ಯ ಸ್ವಾಮಿ?

ಇಂಥ ಚೀಟಿಯನ್ನು ದೇವರ ಪ್ರಸಾದದಂತೆ ಕಣ್ಣಿಗೊತ್ತಿಕೊಂಡು ಪಾಲಿಸುವವರು ನಮ್ಮ ಹಿರಿಯರು. ನಿವೃತ್ತರಾಗಿ ದ್ವಾರಕೆಯಲ್ಲೋ ಮಯೂರ ವಿಹಾರದಲ್ಲೋ ಮಕ್ಕಳ ಮನೆಯಲ್ಲಿರುವ, ಎರಡು ಒಣ ಫುಲ್ಕಾ ಮತ್ತು ನೀರುಪಲ್ಯದಲ್ಲಿ ರಾತ್ರಿ ಕಳೆಯುವ ಹಿರಿಯರನ್ನು ನಾವೆಲ್ಲ ಬಲ್ಲೆವು. ಊರು ಬಿಟ್ಟು ನಲವತ್ತು ವರ್ಷವಾಗಿದೆ, ಭಾಷೆ ಮಾತಾಡುವವರು ಕಡಿಮೆಯಾಗಿದ್ದಾರೆ. ನಾಲಿಗೆಯ ಮೇಲೆ ಊರು ಉಳಿದಿದ್ದರೆ ಅದು ಊಟದ ಕೊನೆಯ ಆ ಒಂದು ಬಟ್ಟಲು ಮೊಸರಿನಲ್ಲಿ. ಅದನ್ನೂ ಕಸಿದುಕೊಂಡು, ಬದಲಿಗೆ ಬಿಸ್ಕತ್ತು ಕೊಡುವುದೆಂದರೆ ಅದು ಚಿಕಿತ್ಸೆಯೂ ಅಲ್ಲ, ದಯೆಯೂ ಅಲ್ಲ.

ಇನ್ನು ಎರಡನೆಯ ಭ್ರಮೆ: ‘ಮೊಸರು ತಿನ್ನಬಹುದು, ಆದರೆ ಜಿಡ್ಡು ತೆಗೆದದ್ದೇ ಆಗಬೇಕು, ಸಕ್ಕರೆ ಕಾಯಿಲೆಯಲ್ಲವೇ?’ ಎಂಬುದು. ಹಾಲಿನ ಬೂತಿನಲ್ಲಿ ಸಿಗುವ ಫುಲ್ ಕ್ರೀಮ್ ಹಾಲಿನಲ್ಲಿ ಕನಿಷ್ಠ ಶೇಕಡಾ 6 ಜಿಡ್ಡು, ಟೋನ್ಡ್ ಹಾಲಿನಲ್ಲಿ 3, ಡಬಲ್ ಟೋನ್ಡ್ ಹಾಲಿನಲ್ಲಿ ಒಂದೂವರೆ. ಸಕ್ಕರೆ? ಮೂರರಲ್ಲಿಯೂ ಹೆಚ್ಚುಕಡಿಮೆ ಒಂದೇ. ಏಕೆಂದರೆ ಲ್ಯಾಕ್ಟೋಸ್ ಇರುವುದು ಹಾಲಿನ ನೀರಿನಲ್ಲಿ, ಕೆನೆಯಲ್ಲಲ್ಲ. ಕೆನೆ ತೆಗೆದರೆ ಕೆನೆ ಹೋಯಿತು, ಸಕ್ಕರೆ ಅಲ್ಲೇ ಕುಳಿತಿತು. ಜಿಡ್ಡು ಕಡಿಮೆ ಮಾಡಲು ಬೇರೆ ಕಾರಣಗಳಿರಬಹುದು: ಹೃದಯದ ತೊಂದರೆ, ಕೊಲೆಸ್ಟರಾಲ್, ತೂಕ. ಅಂಥವರು ವೈದ್ಯರನ್ನು ಕೇಳಿ ಟೋನ್ಡ್ ಹಾಲಿನ ಮೊಸರನ್ನೇ ತಿನ್ನಲಿ, ನಮ್ಮ ತಕರಾರಿಲ್ಲ. ಆದರೆ ಸಕ್ಕರೆಗೆ ಹೆದರಿ ಕೆನೆಗೆ ಶಿಕ್ಷೆ ಕೊಡುವುದು ಮೂರ್ಖತನ. ಅನ್ನ ಇಳಿಸಿದವನಿಗೆ ಹೊಟ್ಟೆ ತುಂಬಿದಂತೆ ಅನ್ನಿಸಬೇಕಾದರೆ ಮೊಸರಿನಲ್ಲಿ ಒಂದಿಷ್ಟು ಸತ್ವವಿರಬೇಕು. ನೀರಿನಂಥ ಮೊಸರು ತಿಂದವನು ಒಂಬತ್ತು ಗಂಟೆಗೆ ಮಿಕ್ಸ್ಚರಿನ ಡಬ್ಬಿಗೆ ಕೈ ಹಾಕುತ್ತಾನೆ.

ಜಿಡ್ಡು ತೆಗೆದ ಮೊಸರು ರುಚಿಯಿಲ್ಲದೆ ಸಪ್ಪಗಿರುತ್ತದೆ. ಈ ಗುಟ್ಟು ಕಂಪನಿಗಳಿಗೆ ಚೆನ್ನಾಗಿ ಗೊತ್ತು. ಆದ್ದರಿಂದ ಅದಕ್ಕೆ ಸಕ್ಕರೆ ಬೆರೆಸಿ, ಮಾವಿನ ಬಣ್ಣ ಕೊಟ್ಟು, ಅಂಗೈಯಗಲದ ಕಪ್ಪಿನಲ್ಲಿ ತುಂಬಿ, ‘ಲೋ ಫ್ಯಾಟ್’ ಎಂದು ಮುಂದೆ ಬರೆದು ಮಾರುತ್ತಾರೆ. ಗುಡಗಾಂವ್, ನೊಯ್ಡಾಗಳ ದೊಡ್ಡ ಅಂಗಡಿಗಳ ತಣ್ಣನೆಯ ಕಪಾಟಿನ ಮುಂದೆ ನಿಂತು ನೋಡಿ: ಸಾದಾ ಮೊಸರು ಕೆಳಗೆಲ್ಲೋ ಒಂದು ಮೂಲೆಯಲ್ಲಿ, ಕಣ್ಣಿನ ಎತ್ತರದಲ್ಲೆಲ್ಲ ಸಿಹಿ ಕಪ್ಪುಗಳು. ಅಂಥ ಕಪ್ಪಿನ ಹಿಂಬದಿಯಲ್ಲಿ ನೂರು ಗ್ರಾಮಿಗೆ 16 ಗ್ರಾಂ ಕಾರ್ಬೋಹೈಡ್ರೇಟ್ ಎಂದಿದ್ದರೆ, ಹಾಲಿನ ಸ್ವಂತದ್ದು ಐದು ಕಳೆಯಿರಿ. ಉಳಿದ ಹನ್ನೊಂದು ಹೊರಗಿನಿಂದ ಬಂದದ್ದು. ಎರಡು ಚಮಚಕ್ಕೂ ಮಿಕ್ಕ ಸಕ್ಕರೆ! ಚಹಾಕ್ಕೆ ಸಕ್ಕರೆ ಬೇಡವೆನ್ನುವ ಮಹಾಶಯರು ಅದನ್ನೇ ಮೊಸರಿನ ರೂಪದಲ್ಲಿ ಚಪ್ಪರಿಸುತ್ತಾರೆ. ಆಮೇಲೆ ಸಕ್ಕರೆ ಏರಿದಾಗ ‘ಮೊಸರು ನನಗೆ ಆಗುವುದಿಲ್ಲ’ ಎನ್ನುತ್ತಾರೆ. ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿದ ಕಥೆ ನೆನಪಾಗುವುದಿಲ್ಲವೇ?

ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2024ರ ಮಾರ್ಚ್‌ನಲ್ಲಿ ಒಂದು ಅನುಮತಿ ಕೊಟ್ಟಿತು. ವಾರಕ್ಕೆ ಎರಡು ಕಪ್ಪಾದರೂ ಯೋಗರ್ಟ್ ತಿನ್ನುವವರಿಗೆ ಎರಡನೆಯ ಬಗೆಯ ಮಧುಮೇಹದ ಸಂಭವ ಕಡಿಮೆಯಾಗಬಹುದು, ಇದಕ್ಕಿರುವ ಪುರಾವೆ ಸೀಮಿತ ಎಂದು ಡಬ್ಬಿಯ ಮೇಲೆ ಹಾಕಿಕೊಳ್ಳಬಹುದಂತೆ. ಮೊಸರಿನ ಪರವಾಗಿ ವಾದಿಸುವ ನಮಗೆ ಇದನ್ನು ಧ್ವಜದಂತೆ ಎತ್ತಿ ಹಿಡಿಯುವ ಆಸೆಯಾಗುವುದು ಸಹಜ. ನಾವು ಹಿಡಿಯುವುದಿಲ್ಲ. ಪುರಾವೆ ಸೀಮಿತವೆಂದು ಅವರೇ ಒಪ್ಪಿದ್ದಾರೆ. ಅನುಮತಿ ಕೇಳಿ ಅರ್ಜಿ ಹಾಕಿದ್ದು ಯೋಗರ್ಟ್ ಮಾರುವ ದಾನೋನ್ ಕಂಪನಿ. ಮೊಸರು ಔಷಧವೆಂದು ನಾವು ಹೇಳುತ್ತಿಲ್ಲ. ಮೊಸರು ಊಟ, ಒಳ್ಳೆಯ ಊಟ, ಸಕ್ಕರೆ ಕಾಯಿಲೆಯವನು ಹೆದರಬೇಕಿಲ್ಲದ ಊಟ. ಅಷ್ಟು ಹೇಳಿದರೆ ಸಾಕು, ಹೆಚ್ಚು ಹೇಳಿದರೆ ನಾವೂ ಅಂಗಡಿಯವರ ಸಾಲಿಗೆ ಸೇರುತ್ತೇವೆ.

ಹಾಗಾದರೆ ಯಾವ ಮೊಸರನ್ನು ಆರಿಸಬೇಕು? ಪೊಟ್ಟಣ ತಿರುಗಿಸಿ ಮೂರು ಸಂಗತಿ ನೋಡಿ. ಒಂದು, ಒಳಗೇನಿದೆಯೆಂಬ ಪಟ್ಟಿ ಗಿಡ್ಡವಾಗಿರಬೇಕು. ಹಾಲು, ಹಾಲಿನ ಘನಾಂಶ, ಹೆಪ್ಪು. ಅಲ್ಲಿ ಸಕ್ಕರೆ, ಸ್ಟಾರ್ಚ್, ಹಣ್ಣಿನ ಸಾರ ಕಂಡರೆ ಕೆಳಗಿಡಿ. ಎರಡು, ‘ಆ್ಯಡೆಡ್ ಶುಗರ್’ ಎಂಬ ಸಾಲಿನ ಮುಂದೆ ಸೊನ್ನೆ ಇರಬೇಕು. ಮೂರು, ಪ್ರೋಟೀನನ್ನೂ ಕಾರ್ಬೋಹೈಡ್ರೇಟನ್ನೂ ಹೋಲಿಸಿ. ಸಾದಾ ಮೊಸರಿನಲ್ಲಿ ಎರಡೂ ಹತ್ತಿರ ಹತ್ತಿರ. ಬಸಿದ ಮೊಸರಿನಲ್ಲಿ ಪ್ರೋಟೀನೇ ಮುಂದು. ಸಿಹಿ ಕಪ್ಪಿನಲ್ಲಿ ಕಾರ್ಬೋಹೈಡ್ರೇಟು ಮೂರ್ನಾಲ್ಕು ಪಟ್ಟು. ಹೆಸರು ‘ಗ್ರೀಕ್’ ಎಂದಿರಲಿ, ‘ದಹಿ’ ಎಂದಿರಲಿ, 2024ರ ನವೆಂಬರಿನಲ್ಲಿ ದಿಲ್ಲಿಗೆ ಬಂದ ನಮ್ಮ ನಂದಿನಿಯೇ ಇರಲಿ, ಲೆಕ್ಕ ಎಲ್ಲರಿಗೂ ಒಂದೇ. ಭಾಷಾಭಿಮಾನಕ್ಕೆ ಇಲ್ಲಿ ರಿಯಾಯಿತಿಯಿಲ್ಲ.

ಗ್ರೀಕ್ ಯೋಗರ್ಟೆಂಬ ಹೆಸರು ಕೇಳಿ ಬೆರಗಾಗುವವರಿಗೆ ಒಂದು ಮಾತು. ಅದು ನೀರು ಬಸಿದ ಮೊಸರು. ಧಾರವಾಡ, ಬೆಳಗಾವಿ ಕಡೆಯ ನಮ್ಮ ತಾಯಂದಿರು ಶ್ರೀಖಂಡಕ್ಕೆಂದು ಬಟ್ಟೆಯಲ್ಲಿ ಕಟ್ಟಿ ತೂಗುಹಾಕುವ ಗಟ್ಟಿ ಮೊಸರೇ ಅದು. ಸಕ್ಕರೆ ಬೀಳುವ ಮುಂಚೆ ತೆಗೆದರಾಯಿತು. ತೆಳುವಾದ ಪಂಚೆಯ ತುಂಡಿನಲ್ಲಿ ಮೊಸರು ಕಟ್ಟಿ, ಕೆಳಗೊಂದು ಪಾತ್ರೆಯಿಟ್ಟು, ರಾತ್ರಿಯೆಲ್ಲ ಫ್ರಿಜ್ಜಿನಲ್ಲಿ ಬಿಡಿ. ಬೆಳಿಗ್ಗೆ ಹೆಚ್ಚುಕಡಿಮೆ ಅರ್ಧ ಉಳಿಯುತ್ತದೆ. ಇಳಿದ ನೀರಿನ ಜೊತೆಗೆ ಲ್ಯಾಕ್ಟೋಸಿನ ಒಂದು ಪಾಲೂ ಇಳಿದುಹೋಗಿರುತ್ತದೆ. ಪ್ರೋಟೀನು ಬಹುಪಾಲು ಮೇಲೆಯೇ ಉಳಿದಿರುತ್ತದೆ. ಕೆಲವು ಸಣ್ಣ ಕಪ್ಪುಗಳ ಬೆಲೆಗೆ ಹತ್ತಿರಹತ್ತಿರ ಒಂದು ಲೀಟರ್ ಟೋನ್ಡ್ ಹಾಲೇ ಬರುತ್ತದೆ. 2022ರ ಜುಲೈ 18ರಿಂದ ಪೊಟ್ಟಣದ ಮೊಸರಿಗೆ ಶೇಕಡಾ 5 ಜಿ.ಎಸ್.ಟಿ. ಬಿತ್ತೆಂದು ಗೊಣಗಿದ ನಾವು, ಮನೆಯಲ್ಲಿ ಹೆಪ್ಪು ಹಾಕಿದ ಮೊಸರಿಗೆ ಯಾವ ತೆರಿಗೆಯೂ ಇಲ್ಲವೆಂಬುದನ್ನು ಮರೆತೆವು.

‘ದಿಲ್ಲಿಯ ಚಳಿಯಲ್ಲಿ ಮೊಸರು ಹೆಪ್ಪಾಗುವುದಿಲ್ಲ’ ಎಂಬುದು ಹಳೆಯ ನೆಪ. ಜನವರಿಯ ರಾತ್ರಿ ನಾಲ್ಕೈದು ಡಿಗ್ರಿಗೆ ಇಳಿಯುವುದು ನಿಜವೇ. ಹಾಲನ್ನು ಕಾಯಿಸಿ, ಬೆರಳು ತಾಳುವಷ್ಟು ಬಿಸಿಗೆ ಆರಿಸಿ, ಅರ್ಧ ಲೀಟರಿಗೆ ಒಂದು ಚಮಚ ಹೆಪ್ಪು ಚೆನ್ನಾಗಿ ಕದಡಿ, ರೊಟ್ಟಿಯಿಡುವ ಹಾಟ್‌ಕೇಸಿನಲ್ಲಿ ಮುಚ್ಚಿ, ಹಳೆಯ ಶಾಲು ಸುತ್ತಿ ಗೋಧಿಹಿಟ್ಟಿನ ಡಬ್ಬದೊಳಗೆ ಇಟ್ಟರೆ ಬೆಳಿಗ್ಗೆ ಚಾಕುವಿನಿಂದ ಕತ್ತರಿಸುವಂಥ ಮೊಸರು. ಮೇ ತಿಂಗಳಲ್ಲಿ ನಾಲ್ಕು ಗಂಟೆ ಸಾಕು. ಚಳಿಯಲ್ಲಿ ಹತ್ತು ಹನ್ನೆರಡು ಗಂಟೆ ತಾಳ್ಮೆ ಬೇಕು. ಹರಿಯಾಣದ ಎಮ್ಮೆಯ ಹಾಲು ಸಿಕ್ಕರಂತೂ ಮೈಸೂರಿನಲ್ಲಿಯೂ ಕಾಣದ ಕೆನೆ.

ಅನ್ನ ಬಿಟ್ಟರೆ ಮೊಸರನ್ನು ಏನಕ್ಕೆ ಹಾಕಿಕೊಳ್ಳುವುದು ಎಂದು ಕೇಳುವವರು ತಮ್ಮ ಅಡಿಗೆಯನ್ನು ತಾವೇ ಮರೆತಿದ್ದಾರೆ. ಕರಾವಳಿ, ಮಲೆನಾಡಿನ ತಂಬುಳಿ ಏನಾಯಿತು? ಒಂದೆಲಗ ಇಲ್ಲಿ ಸಿಗದಿದ್ದರೆ ಮೆಂತ್ಯದ ಸೊಪ್ಪುಂಟು, ಕೊತ್ತಂಬರಿಯುಂಟು. ಬೆಲ್ಲ ಹಾಕದೆ ಮಾಡಿ ಬಟ್ಟಲಲ್ಲೇ ಕುಡಿಯಿರಿ. ಸೋರೆಕಾಯಿ, ಸೌತೆಕಾಯಿ, ಸುಟ್ಟ ಬದನೆಕಾಯಿಯ ಮೊಸರುಬಜ್ಜಿಗೆ ಅನ್ನದ ಹಂಗೇನು? ಚಳಿಗಾಲದಲ್ಲಿ ಇಲ್ಲಿಯವರು ರಾಯತಾ ಮಾಡುವ ಬಥುವಾ ನಮ್ಮ ಚಕ್ಕೋತ ಸೊಪ್ಪೇ. ಉತ್ತರ ಕರ್ನಾಟಕದವರ ಶೇಂಗಾ ಚಟ್ನಿಪುಡಿಗೆ ಗಟ್ಟಿ ಮೊಸರಿಗಿಂತ ಒಳ್ಳೆಯ ಜೊತೆಯುಂಟೆ? ಮೊಸರನ್ನದ ರುಚಿಯೇ ಬೇಕೆನ್ನುವವರು ಸೌತೆಕಾಯಿಯನ್ನು ಸಣ್ಣಗೆ ಹೆಚ್ಚಿ ಗಟ್ಟಿ ಮೊಸರಿಗೆ ಹಾಕಿ, ಸಾಸಿವೆ, ಇಂಗು, ಕರಿಬೇವು, ಶುಂಠಿ, ಹಸಿಮೆಣಸಿನಕಾಯಿಯ ಒಗ್ಗರಣೆ ಕೊಟ್ಟು, ಪಕ್ಕದಲ್ಲೊಂದು ಬಾಳಕದ ಮೆಣಸಿನಕಾಯಿ ಇಟ್ಟುಕೊಳ್ಳಲಿ. ರುಚಿಯಿದ್ದದ್ದು ಅನ್ನದಲ್ಲೋ ಒಗ್ಗರಣೆಯಲ್ಲೋ ಎಂಬುದು ಮೊದಲ ತುತ್ತಿಗೇ ತೀರ್ಮಾನವಾಗುತ್ತದೆ. ಅನ್ನ ಬೇಕೇಬೇಕೆಂದರೆ ಎರಡು ಚಮಚ ಸೇರಲಿ. ಇಷ್ಟು ದಿನ ಅನ್ನಕ್ಕೆ ಮೊಸರು ಹಾಕಿಕೊಂಡೆವು, ಇನ್ನು ಮೊಸರಿಗೆ ಅನ್ನ ಹಾಕಿಕೊಳ್ಳೋಣ.

ಕೆಲವು ಆಕ್ಷೇಪಣೆಗಳು ಬಂದೇ ಬರುತ್ತವೆ. ರಾತ್ರಿ ಮೊಸರು ತಿನ್ನಬಾರದೆಂದು ಚರಕಸಂಹಿತೆಯಲ್ಲಿದೆ ಎನ್ನುವವರೊಂದಿಗೆ ನಮ್ಮ ಜಗಳವಿಲ್ಲ. ಹಗಲು ತಿನ್ನಲಿ, ರಾತ್ರಿ ಮಜ್ಜಿಗೆ ಕುಡಿಯಲಿ. ಆದರೆ ಇನ್ನೆರಡು ಎಚ್ಚರಿಕೆಗಳನ್ನು ನಾವೇ ಕೊಡಬೇಕು. ಇನ್ಸುಲಿನ್ ಚುಚ್ಚಿಕೊಳ್ಳುವವರು, ಸಕ್ಕರೆ ಇಳಿಸುವ ಕೆಲವು ಮಾತ್ರೆ ನುಂಗುವವರು ಈ ಲೇಖನ ಓದಿ ನಾಳೆಯೇ ಅನ್ನ ಬಿಟ್ಟರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ವೈದ್ಯರಿಗೆ ಹೇಳಿ, ಔಷಧದ ಪ್ರಮಾಣ ತಿದ್ದಿಸಿಕೊಂಡೇ ಅನ್ನ ಇಳಿಸಬೇಕು. ಮೂತ್ರಪಿಂಡದ ತೊಂದರೆ ಇರುವವರು ಮೊಸರು ಎಷ್ಟೆಂಬುದನ್ನೂ ವೈದ್ಯರನ್ನೇ ಕೇಳಬೇಕು. ಉಳಿದವರು ಗ್ಲೂಕೋಮೀಟರ್ ಮನೆಯಲ್ಲಿದ್ದರೆ ಒಂದು ದಿನ ಮೊಸರನ್ನ ತಿಂದು ಎರಡು ಗಂಟೆಯ ನಂತರ ನೋಡಲಿ, ಮರುದಿನ ಅನ್ನವಿಲ್ಲದ ಮೊಸರು ತಿಂದು ನೋಡಲಿ. ನಮ್ಮ ವಾದಕ್ಕಿಂತ ಆ ಸಣ್ಣ ಯಂತ್ರದ ಸಾಕ್ಷಿ ಗಟ್ಟಿ.

ಕಡೆಯ ಮಾತು ನಮ್ಮ ಸಂಘಗಳಿಗೆ ಸೇರಿದ್ದು. ಯುಗಾದಿ, ರಾಜ್ಯೋತ್ಸವಗಳಂದು ದಿಲ್ಲಿಯ ಕನ್ನಡಿಗರೆಲ್ಲ ಒಟ್ಟಿಗೆ ಕುಳಿತು ಉಣ್ಣುತ್ತೇವೆ. ಬಿಸಿಬೇಳೆ ಬಾತ್, ಪೂರಿ, ಅನ್ನ ಸಾರು, ಸಿಹಿ, ಕೊನೆಗೆ ದೊಡ್ಡ ಹಂಡೆಯಲ್ಲಿ ಕಲೆಸಿಟ್ಟ ಮೊಸರನ್ನ. ಸಾಲಿನಲ್ಲಿ ನಿಂತವರಲ್ಲಿ ಎಷ್ಟೋ ಮಂದಿ ಜೇಬಿನಲ್ಲಿ ಮಾತ್ರೆ ಇಟ್ಟುಕೊಂಡು ಬಂದವರು. ಮೊಸರು ಬೇಕೆಂದರೆ ಅವರು ಅನ್ನವನ್ನೂ ತೆಗೆದುಕೊಳ್ಳಲೇಬೇಕು. ಬಿಡಿಸಿ ತಿನ್ನುವ ದಾರಿ ಇಲ್ಲ. ಇದು ಬದಲಾಗಬೇಕು. ಮುಂದಿನ ರಾಜ್ಯೋತ್ಸವದ ಊಟದಲ್ಲಿ ಅನ್ನ ಒಂದು ಪಾತ್ರೆಯಲ್ಲಿ, ಒಗ್ಗರಣೆ ಹಾಕಿದ ಗಟ್ಟಿ ಮೊಸರು ಇನ್ನೊಂದು ಪಾತ್ರೆಯಲ್ಲಿ ಇರಲಿ. ಪಕ್ಕದಲ್ಲಿ ಒಂದು ರಾಶಿ ಹೆಸರುಬೇಳೆ ಕೋಸಂಬರಿ, ಒಂದು ಮೊಸರುಬಜ್ಜಿ ಇರಲಿ. ಕಲೆಸಿಕೊಳ್ಳುವವರು ಕಲೆಸಿಕೊಳ್ಳಲಿ, ಬೇಡದವರು ದೊನ್ನೆಯಲ್ಲಿ ಮೊಸರು ಹಿಡಿದು ಹೋಗಲಿ. ಇದಕ್ಕೆ ಹೆಚ್ಚು ಖರ್ಚಿಲ್ಲ; ಒಂದು ಪಾತ್ರೆ, ಒಂದು ಸೌಟು ಹೆಚ್ಚು ಬೇಕು ಅಷ್ಟೇ. ಅಡಿಗೆ ಸಮಿತಿಯವರು ಇದನ್ನು ಮುಂದಿನ ಸಭೆಯ ಮುಂದೆ ಇಡಬೇಕೆಂದು ನಾವು ಒತ್ತಾಯಿಸುತ್ತೇವೆ.

ಪೊಟ್ಟಣದ ಮೇಲಿನ ‘ಮೊಸರು’ ಎಂಬ ಮೂರಕ್ಷರವನ್ನು ಒಂದು ತಿಂಗಳೊಳಗೆ ಗೆದ್ದುಕೊಂಡ ಜನ ನಾವು. ತಟ್ಟೆಯ ಮೇಲಿನ ಮೊಸರನ್ನು ಗೆಲ್ಲಲು ಯಾವ ಪ್ರಾಧಿಕಾರದ ಅಪ್ಪಣೆಯೂ ಬೇಕಿಲ್ಲ. ಅನ್ನ ಇಳಿಯಲಿ, ಮೊಸರು ಉಳಿಯಲಿ.